ಸಂತೆಯಲ್ಲಿ ನಿಂತು ಸಂತೆಯನ್ನು ಪ್ರಶ್ನಿಸಿದವರು

ಹಾಡಿನಿಂದ ಹೊಟ್ಟೆ ತುಂಬೀತೇ ಎಂದು ಕೇಳುವವರು ಹಿಂದೆಯೂ ಇದ್ದರು. ಹಾಡಿನಿಂದ ರಾಜ್ಯ ಉರುಳೀತೇ ಎಂದು ಕೇಳುವವರು ಇಂದೂ ಇದ್ದಾರೆ. ಎರಡಕ್ಕೂ ಉತ್ತರ ಸುಲಭ: ತುಂಬದು, ಉರುಳದು. ಆದರೆ ವಿಚಾರ ಅಲ್ಲಿಗೆ ಮುಗಿಯುವುದಿಲ್ಲ. ಹಸಿದವನ ಹಸಿವಿಗೆ ಕಾರಣವೇನು, ಸಿಂಹಾಸನದ ಮೇಲೆ ಕುಳಿತವನನ್ನು ಅಲ್ಲಿ ಕೂರಿಸಿದವರು ಯಾರು ಎಂಬ ಯೋಚನೆಯನ್ನು, ಕುಣಿಯಲೆಂದೇ ಬಂದವನ ತಲೆಯಲ್ಲಿ ಬಿತ್ತುವ ಶಕ್ತಿ ಹಾಡಿಗೆ ಉಂಟೋ ಇಲ್ಲವೋ? ಈ ಪ್ರಶ್ನೆಯನ್ನು ಸುಮಾರು ಅರ್ಧ ಶತಮಾನದ ಕಾಲ ಹೊತ್ತು ತಿರುಗಿದ ಆಂಗ್ಲ ಮೇಳವೊಂದರ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತೇನೆ.

ಮೇಳದ ಹೆಸರು 'ಗ್ಯಾಂಗ್ ಆಫ್ ಫೋರ್'. ಹೆಸರೇ ಒಂದು ರಾಜಕೀಯ ವಿನೋದ. 1976ರ ಸೆಪ್ಟೆಂಬರಿನಲ್ಲಿ ಚೀನದ ಮಾವೋ ತೀರಿಕೊಂಡರು. ತಿಂಗಳು ಕಳೆಯುವುದರೊಳಗೆ ಅವರ ಪತ್ನಿ ಜಿಯಾಂಗ್ ಚಿಂಗ್ ಮತ್ತು ಆಕೆಯ ಮೂವರು ಸಂಗಾತಿಗಳನ್ನು ಹೊಸ ನಾಯಕರು ಸೆರೆಹಿಡಿದರು. ಜಗತ್ತಿನ ಪತ್ರಿಕೆಗಳೆಲ್ಲ ಆ ನಾಲ್ವರನ್ನು ಒಂದೇ ಹೆಸರಿನಿಂದ ಕರೆದುವು. ನಮ್ಮ ಮಹಾಭಾರತದ ಪರಿಭಾಷೆಯಲ್ಲಿ ಹೇಳುವುದಾದರೆ ಅದು 'ದುಷ್ಟ ಚತುಷ್ಟಯ'. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಾಲ್ವರು ತರುಣರು ಮೇಳ ಕಟ್ಟಿ ಹೆಸರಿಗಾಗಿ ಹುಡುಕುತ್ತಿದ್ದಾಗ, ನೆರೆಯ 'ಮೆಕಾನ್ಸ್' ಮೇಳದ ಗೆಳೆಯನೊಬ್ಬ ಪತ್ರಿಕೆಯ ಶೀರ್ಷಿಕೆಯನ್ನು ನೋಡಿ ಇದನ್ನೇ ಸೂಚಿಸಿದನಂತೆ. ಬೇರೆಯವರು ಬೈಗುಳವೆಂದು ಬಳಸಿದ್ದನ್ನು ಇವರು ಬಿರುದೆಂದು ಧರಿಸಿದರು.

ಆ ನಾಲ್ವರು: ಗಾಯಕ ಜಾನ್ ಕಿಂಗ್, ಗಿಟಾರಿನ ಆಂಡಿ ಗಿಲ್, ಬೇಸ್ ಗಿಟಾರಿನ ಡೇವ್ ಆಲನ್, ಡ್ರಮ್ಮಿನ ಹ್ಯೂಗೋ ಬರ್ನ್‌ಹ್ಯಾಮ್. ಕಿಂಗ್ ಮತ್ತು ಗಿಲ್ ಒಂದೇ ಶಾಲೆಯಲ್ಲಿ ಓದಿ, ಅನಂತರ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಚಿತ್ರಕಲೆಯನ್ನು ಕಲಿಯಲು ಬಂದವರು. ಅಲ್ಲಿ ಕಲೆಯ ಇತಿಹಾಸವನ್ನು ಬೋಧಿಸುತ್ತಿದ್ದವರು ಟಿ. ಜೆ. ಕ್ಲಾರ್ಕ್. ಒಂದು ಚಿತ್ರವನ್ನು ಕಂಡರೆ ಅದರ ಬಣ್ಣವನ್ನು ಹೊಗಳಿ ಮುಂದೆ ಹೋಗಬೇಡಿ. ಅದನ್ನು ಯಾರು ಬರೆಯಿಸಿದರು, ಯಾರು ಕೊಂಡರು, ಅದರಲ್ಲಿ ಯಾರು ಕಾಣಿಸುತ್ತಿಲ್ಲ ಎಂಬುದನ್ನೂ ಕೇಳಿ ಎಂಬ ಪಂಥದ ವಿದ್ವಾಂಸರು ಅವರು. ಶಿಷ್ಯರು ಅದೇ ಪ್ರಶ್ನೆಗಳನ್ನು ಚಿತ್ರಪಟದಿಂದ ಎತ್ತಿಕೊಂಡು ಪ್ರೇಮಗೀತೆಗಳಿಗೆ ಒಡ್ಡಿದರು. ಈ ಮೇಳದ ಕಥೆಯೆಲ್ಲ ಅಲ್ಲಿಂದ ಹೊರಟಿತು.

ಆಗಿನ ಲೀಡ್ಸ್ ಸುಖವಾದ ಊರಾಗಿರಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದುವು. 'ನ್ಯಾಷನಲ್ ಫ್ರಂಟ್' ಎಂಬ ವರ್ಣದ್ವೇಷಿಗಳ ಪಕ್ಷ ಬೀದಿಗಿಳಿದಿತ್ತು. ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸ್‌ಗಳಿಂದ ಹೋಗಿ ಅಲ್ಲಿ ದುಡಿಯುತ್ತಿದ್ದವರ ಮೇಲೆ ಅವರ ಕಣ್ಣು. ಇನ್ನೊಂದು ಕಡೆ, 1975ರಿಂದ ಹೆಂಗಸರನ್ನು ಹುಡುಕಿ ಕೊಲ್ಲುತ್ತಿದ್ದ ಹಂತಕನೊಬ್ಬ 1981ರ ವರೆಗೂ ಪೊಲೀಸರ ಕೈಗೆ ಸಿಕ್ಕಿರಲಿಲ್ಲ. ಸಂಜೆಯಾದರೆ ಹೆಣ್ಣುಮಕ್ಕಳು ಮನೆಯಿಂದ ಹೊರಬರಲು ಅಂಜುತ್ತಿದ್ದರು. 1976ರಲ್ಲಿ ಹುಟ್ಟಿದ 'ರಾಕ್ ಎಗೇನ್ಸ್ಟ್ ರೇಸಿಸಂ' ಎಂಬ ಚಳವಳಿ ವರ್ಣದ್ವೇಷದ ವಿರುದ್ಧ ಊರೂರಿನಲ್ಲಿ ಸಂಗೀತ ಕಚೇರಿಗಳನ್ನು ಏರ್ಪಡಿಸುತ್ತಿತ್ತು. ಗ್ಯಾಂಗ್ ಆಫ್ ಫೋರ್ ಅದರ ವೇದಿಕೆಗಳಲ್ಲಿ ಹಾಡಿತು. ಈ ತರುಣರಿಗೆ ರಾಜಕೀಯವೆಂಬುದು ಗ್ರಂಥಭಂಡಾರದ ವಸ್ತುವಷ್ಟೇ ಆಗಿರಲಿಲ್ಲ. ಕಚೇರಿ ಮುಗಿಸಿ ಮನೆಗೆ ನಡೆಯುವ ದಾರಿಯಲ್ಲಿ ಎದುರಾಗುವ ವಸ್ತುವೂ ಆಗಿತ್ತು.

*  *  *

ಪಂಕ್ ಎಂಬ ಸಂಗೀತದ ಬಿರುಗಾಳಿ ಇಂಗ್ಲೆಂಡಿನಲ್ಲಿ ಎದ್ದದ್ದು 1976ರಲ್ಲಿ. ಮೂರು ಸ್ವರ ಬಂದರೆ ಸಾಕು, ಯಾರು ಬೇಕಾದರೂ ಮೇಳ ಕಟ್ಟಬಹುದೆಂಬುದು ಅದರ ಸಂದೇಶ. ಕೋಪ ಅದರ ಬಂಡವಾಳ. ಕೋಪಕ್ಕೆ ಒಂದು ದೋಷವಿದೆ. ಅದು ಬೇಗ ದಣಿಯುತ್ತದೆ. ಒಂದೆರಡು ವರ್ಷಗಳಲ್ಲಿ ಪಂಕ್ ತನ್ನನ್ನೇ ಅನುಕರಿಸತೊಡಗಿದಾಗ, ಅದರ ಧೈರ್ಯವನ್ನು ಉಳಿಸಿಕೊಂಡು ಅದರ ಬೊಬ್ಬೆಯನ್ನು ಬಿಟ್ಟವರು ಕೆಲವರು. ಅವರ ಸಂಗೀತವನ್ನು ಮುಂದೆ ಪೋಸ್ಟ್-ಪಂಕ್ ಎಂದು ಕರೆದರು. ಗ್ಯಾಂಗ್ ಆಫ್ ಫೋರ್ ಆ ಪಂಕ್ತಿಯ ಮೊದಲಿಗರಲ್ಲಿ ಒಂದು.

ಇವರ ನಾದದ ವಿಶೇಷವನ್ನು ತುಸು ವಿವರಿಸಬೇಕು. ನಮ್ಮ ಕಚೇರಿಗಳಲ್ಲಿ ತನಿ ಆವರ್ತನ ಬಂದಾಗ ಮಿಕ್ಕವರು ಕೈಕಟ್ಟಿ ಕುಳಿತು ಮೃದಂಗದವರಿಗೆ ಮನ್ನಣೆ ಕೊಡುವುದುಂಟಷ್ಟೆ. ರಾಕ್ ಸಂಗೀತದಲ್ಲಿ ಆ ಮನ್ನಣೆ ಗಿಟಾರಿನವನಿಗೆ ಮೀಸಲು. ಆತ ಕಣ್ಣುಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ನಿಮಿಷಗಟ್ಟಲೆ ತನ್ನ ಪಾಂಡಿತ್ಯವನ್ನು ಹರಿಯಬಿಡುತ್ತಾನೆ. ಗಿಲ್ ಇದಕ್ಕೆ ವಿರುದ್ಧವಾಗಿ ನಡೆದ. ಅವನ ಗಿಟಾರಿಗೆ ತಾಳವಾದ್ಯದ ಕೆಲಸ: ಒಂದು ಕೊಯ್ತ, ಒಂದು ಕೆತ್ತು, ಆಮೇಲೆ ಮೌನ. ಗಿಟಾರಿನವನು ಮೆರೆಯಬೇಕಾದ ಜಾಗ ಬಂದಾಗ ಕೆಲವೊಮ್ಮೆ ಆತ ನುಡಿಸುವುದನ್ನೇ ನಿಲ್ಲಿಸಿಬಿಡುತ್ತಿದ್ದ! ಆ ಖಾಲಿಯಲ್ಲಿ ಬೇಸ್ ಗಿಟಾರೂ ಡ್ರಮ್ಮೂ ಎದ್ದು ಕೇಳಿಸುತ್ತಿದ್ದುವು. ಸಾಮಾನ್ಯವಾಗಿ ಗಿಟಾರಿನವರು ವಾಲ್ವ್ ಆಂಪ್ಲಿಫೈಯರಿನ ಬೆಚ್ಚನೆಯ, ದುಂಡಾದ ಧ್ವನಿಯನ್ನು ಬಯಸಿದರೆ ಈತ ಟ್ರಾನ್ಸಿಸ್ಟರಿನ ಒಣ, ಚೂಪಾದ ಧ್ವನಿಯನ್ನು ಆರಿಸಿಕೊಂಡ. ಅಮೆರಿಕದ ಕಪ್ಪು ಜನರ ಫಂಕ್ ಕುಣಿತದ ಲಯವೂ, ಜಮೈಕದ ಡಬ್ ಸಂಗೀತದ ಖಾಲಿ ಜಾಗಗಳೂ ಈ ಒಣ ಧ್ವನಿಯೊಡನೆ ಬೆರೆತುವು. ಕಾಲು ತಾನಾಗಿ ಕುಣಿಯುವಂಥ ಸಂಗೀತ. ಆದರೆ ಕಿವಿಗೆ ಮೆತ್ತೆ ಹಾಸದ ಸಂಗೀತ.

ನಾಲ್ವರೂ ಒಟ್ಟಾಗಿ ಗದ್ದಲ ಮಾಡುವುದಕ್ಕಿಂತ ಸರದಿಯಂತೆ ಸುಮ್ಮನಿರುವುದನ್ನು ಕಲಿತದ್ದೇ ಇವರ ನಿಜವಾದ ರಾಜಕೀಯವೆಂದು ನನಗೆ ತೋರುತ್ತದೆ. ಸಮಾನತೆಯ ಮೇಲೆ ಭಾಷಣ ಬಿಗಿಯುವ ಸಭೆಗಳಲ್ಲಿ ಒಬ್ಬರೇ ಎರಡು ಗಂಟೆ ಮಾತನಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಹಾಗಿಲ್ಲ. ಹೇಳುವ ಮಾತನ್ನು ವಾದ್ಯಗಳು ಮೊದಲು ತಾವೇ ಆಚರಿಸಿ ತೋರಿಸಿದುವು.

1978ರಲ್ಲಿ ಎಡಿನ್‌ಬರೋದ 'ಫಾಸ್ಟ್ ಪ್ರಾಡಕ್ಟ್' ಎಂಬ ಸಣ್ಣ ಸಂಸ್ಥೆ ಇವರ ಮೊದಲ ತಟ್ಟೆಯನ್ನು ಹೊರತಂದಿತು. ಅದರ ಹೆಸರು 'ಡ್ಯಾಮೇಜ್ಡ್ ಗೂಡ್ಸ್', ಎಂದರೆ ಕೆಟ್ಟುಹೋದ ಸರಕು. ಒಂದು ಪ್ರಣಯ ಮುರಿದುಬಿದ್ದುದನ್ನು ಅಂಗಡಿಯ ಲೆಕ್ಕಪತ್ರದ ಭಾಷೆಯಲ್ಲಿ ಹೇಳುವ ಹಾಡು ಅದು. ಮರುವರ್ಷ ದೊಡ್ಡ ಕಂಪೆನಿಯಾದ ಇ.ಎಂ.ಐ. ಇವರನ್ನು ಕರೆಯಿತು, ಇವರು ಹೋದರು. ಎಡಪಂಥೀಯ ಗೆಳೆಯರು ಹುಬ್ಬೇರಿಸಿದರು. ಬಂಡವಾಳಶಾಹಿಯನ್ನು ಟೀಕಿಸುವವರು ಬಂಡವಾಳಶಾಹಿಯ ಅಂಗಳದಲ್ಲೇ ಡೇರೆ ಹಾಕುವುದೇ? ಅದೂ ಯುದ್ಧೋಪಕರಣಗಳ ವಿದ್ಯುದ್ಯಂತ್ರಗಳನ್ನು ತಯಾರಿಸುತ್ತಿದ್ದ ಕಂಪೆನಿಯ ಅಂಗಳದಲ್ಲಿ? ಮೇಳದವರ ನಿಲುವು ಬೇರೆಯಾಗಿತ್ತು. ಸಂತೆಯ ಹೊರಗೆ ಶುದ್ಧವಾದ ಜಾಗವೆಂಬುದು ಎಲ್ಲಿಯೂ ಇಲ್ಲ. ಸಣ್ಣ ಅಂಗಡಿಯೂ ಅಂಗಡಿಯೇ. ಆದ್ದರಿಂದ ಸಂತೆಯ ನಡುವೆ ನಿಂತೇ ಮಾತನಾಡಬೇಕು. ಈ ನಿಲುವಿನ ಸತ್ಯಾಸತ್ಯತೆ ಮುಂದಿನ ನಾಲ್ಕು ದಶಕಗಳಲ್ಲಿ ಪರೀಕ್ಷೆಗೊಳಗಾಯಿತು.

1979ರ ಸೆಪ್ಟೆಂಬರಿನಲ್ಲಿ ಬಂದ ಮೊದಲ ಪೂರ್ಣ ಧ್ವನಿಮುದ್ರಿಕೆಯ ಹೆಸರು 'ಎಂಟರ್‌ಟೈನ್‌ಮೆಂಟ್!' ಮನರಂಜನೆ, ಮುಂದೊಂದು ಆಶ್ಚರ್ಯಚಿಹ್ನೆ. ಕಿಂಗ್ ರೂಪಿಸಿದ ಹೊದಿಕೆ ಕಡುಗೆಂಪು. ಅದರ ಮೇಲೆ ಜರ್ಮನರು ತೆಗೆದ 'ವಿನೆಟೂ' ಚಲನಚಿತ್ರದ ಒಂದು ದೃಶ್ಯ ಮೂರು ಬಾರಿ ಕಾಣಿಸುತ್ತದೆ: ಅಮೆರಿಕದ ಮೂಲನಿವಾಸಿಯೊಬ್ಬನೂ ಬಿಳಿಯ ಕೌಬಾಯ್ ಒಬ್ಬನೂ ಕೈಕುಲುಕುತ್ತಿದ್ದಾರೆ. ಬದಿಯ ಬರಹದ ತಾತ್ಪರ್ಯ ಹೀಗೆ: ಮೂಲನಿವಾಸಿ ತನಗೊಬ್ಬ ಮಿತ್ರ ಸಿಕ್ಕಿದನೆಂದು ನಗುತ್ತಾನೆ, ಕೌಬಾಯ್ ತನಗೊಬ್ಬ ಮೋಸಹೋಗುವವನು ಸಿಕ್ಕಿದನೆಂದು ನಗುತ್ತಾನೆ. ಒಂದೇ ಹಸ್ತಲಾಘವ, ಎರಡು ನಗೆ. ವ್ಯಾಪಾರಕ್ಕೆಂದು ಹಡಗಿನಲ್ಲಿ ಬಂದವರ ಕೈಕುಲುಕಿದ ಇತಿಹಾಸವಿರುವ ನಮಗೆ ಈ ಚಿತ್ರಕ್ಕೆ ಭಾಷ್ಯ ಬೇಕಿಲ್ಲ.

ಒಳಗಿನ ಹಾಡುಗಳೂ ಇದೇ ಜಾಡಿನವು. ಒಂದರಲ್ಲಿ, ಸಂಜೆಯ ಚಹ ಕುಡಿಯುತ್ತ ದೂರದರ್ಶನದಲ್ಲಿ ಹೆಣಗಳನ್ನು ನೋಡುವ ಗೃಹಸ್ಥ. ಇನ್ನೊಂದರಲ್ಲಿ, ಇತಿಹಾಸವನ್ನು ಮಹಾಪುರುಷರೇ ನಿರ್ಮಿಸುತ್ತಾರೆಂಬ ಪಠ್ಯಪುಸ್ತಕದ ನಂಬಿಕೆಯ ವಿಚಾರಣೆ. ಮತ್ತೊಂದರಲ್ಲಿ, ಉತ್ತರ ಐರ್ಲೆಂಡಿನ ಸೆರೆಮನೆಯಲ್ಲಿ ಕೈದಿಗಳಿಗೆ ಕೊಡುತ್ತಿದ್ದ ಹಿಂಸೆ. 'ಆಂತ್ರಾಕ್ಸ್' ಎಂಬ ಹಾಡಿನಲ್ಲಿ ಎರಡು ಧ್ವನಿಗಳು ಏಕಕಾಲಕ್ಕೆ ಕೇಳುತ್ತವೆ: ಒಬ್ಬ ಪ್ರೇಮವೆಂಬುದು ದನಕರುಗಳಿಗೆ ಬರುವ ರೋಗದಂತೆ ತನ್ನನ್ನು ಹಿಡಿದಿದೆಯೆಂದು ಹಾಡುತ್ತಿರುವಾಗ, ಇನ್ನೊಬ್ಬ ಪಕ್ಕದಲ್ಲಿ ನಿಂತು, ಮೇಳಗಳೆಲ್ಲ ಪ್ರೇಮದ ಮೇಲೆಯೇ ಏಕೆ ಹಾಡು ಕಟ್ಟುತ್ತವೆ ಎಂದು ಉಪನ್ಯಾಸಕನಂತೆ ಮಾತನಾಡುತ್ತಾನೆ. ಯಾರ ಮಾತನ್ನು ಕೇಳಬೇಕೆಂಬುದು ಶ್ರೋತೃವಿಗೆ ಬಿಟ್ಟದ್ದು. ಇವುಗಳಲ್ಲಿ ಘೋಷಣೆಗಳಿಲ್ಲ. 'ಆತ ದುಷ್ಟ, ನಾನು ಶಿಷ್ಟ' ಎಂಬ ಧಾಟಿಯಿಲ್ಲ. ಕೊಳ್ಳುವವನೂ ನಾನೇ, ಮಾರಲ್ಪಡುವವನೂ ನಾನೇ ಎಂಬ ಅರಿವಿನ ಇರಿತ ಮಾತ್ರ ಇದೆ.

ಆ ವರ್ಷವೇ ಬಿ.ಬಿ.ಸಿ.ಯ 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮಕ್ಕೆ ಇವರಿಗೆ ಆಹ್ವಾನ ಬಂದಿತು. ಆ ಕಾರ್ಯಕ್ರಮದಲ್ಲಿ ಒಂದು ಸಾರಿ ಮುಖ ತೋರಿಸಿದರೆ ಸಾಕು, ತಟ್ಟೆಗಳು ಬಿಸಿ ದೋಸೆಗಳಂತೆ ಖರ್ಚಾಗುತ್ತಿದ್ದ ಕಾಲ. ಹಾಡಿನಲ್ಲಿ ಗರ್ಭನಿರೋಧಕ ಸಾಧನವನ್ನು ಸೂಚಿಸುವ ಒಂದು ಪದವಿತ್ತು. ಬದಲಾಯಿಸಿ ಎಂದರು ಅಧಿಕಾರಿಗಳು. ಮೇಳದವರು ಬೇರೊಂದು ಪದವನ್ನು ಸೂಚಿಸಿದರು. ಅದೂ ಬೇಡ, ಬದಲಾಯಿಸಿದ್ದೇ ಯಾರಿಗೂ ತಿಳಿಯದಂತಹ ಪದವಾಗಬೇಕೆಂದು ಉತ್ತರ ಬಂದಿತು. ಅಲ್ಲಿಗೆ ತಾಳ್ಮೆ ಮುಗಿಯಿತು. ನಾಲ್ವರೂ ಎದ್ದು ಹೊರನಡೆದರು. ಆ ಹಾಡು 58ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. 1982ರಲ್ಲಿ ಸಮವಸ್ತ್ರದ ಗಂಡಸನ್ನು ಕುರಿತ ಇನ್ನೊಂದು ವ್ಯಂಗ್ಯಗೀತೆ ಜನಪ್ರಿಯವಾಗುತ್ತಿರುವಂತೆಯೇ ಫಾಕ್‌ಲೆಂಡ್ಸ್ ಯುದ್ಧ ಆರಂಭವಾಯಿತು; ಬಿ.ಬಿ.ಸಿ. ಅದನ್ನು ಬದಿಗಿಟ್ಟಿತು. ಎರಡು ಬಾರಿ ಬಾಗಿಲ ತನಕ ಬಂದ ಲಕ್ಷ್ಮಿ ಎರಡು ಬಾರಿಯೂ ಹಿಂದಿರುಗಿದಳು.

*  *  *

ಇವರನ್ನು ತಟ್ಟೆಯಲ್ಲಿ ಕೇಳುವುದೇ ಬೇರೆ, ವೇದಿಕೆಯ ಮೇಲೆ ಕಾಣುವುದೇ ಬೇರೆ. 1980ರಲ್ಲಿ ಚಿತ್ರಿಸಿದ 'ಅರ್ಗ್! ಎ ಮ್ಯೂಸಿಕ್ ವಾರ್' ಎಂಬ ಚಲನಚಿತ್ರದಲ್ಲಿ ಇವರ ಒಂದು ಪ್ರದರ್ಶನ ಉಳಿದುಕೊಂಡಿದೆ. ಹಾಡು 'ಹೀಡ್ ಸೆಂಡ್ ಇನ್ ದಿ ಆರ್ಮಿ'. ವಿಷಯ, ಮನೆಯೊಳಗೆ ಸೇನಾಪತಿಯಂತೆ ಆಳುವ ಗಂಡಸು. ಕಿಂಗ್ ವೇದಿಕೆಯ ಉದ್ದಗಲಕ್ಕೂ ಹುಚ್ಚು ಹಿಡಿದವನಂತೆ ಓಡಾಡುತ್ತಾನೆ, ಮುಗ್ಗರಿಸುತ್ತಾನೆ, ಲೋಹಕ್ಕೆ ಕೋಲಿನಿಂದ ಬಡಿಯುತ್ತಾನೆ. ಗಿಲ್ ಮಾತ್ರ ಶಿಲಾಪ್ರತಿಮೆಯಂತೆ ನಿಂತು, ಸಾಲ ಕೊಟ್ಟವನು ಸಾಲಗಾರನನ್ನು ನೋಡುವ ಹಾಗೆ ಪ್ರೇಕ್ಷಕರನ್ನು ದಿಟ್ಟಿಸುತ್ತಾನೆ. ನಗೆಯಿಲ್ಲ, ಬಾಗಿ ವಂದಿಸುವುದಿಲ್ಲ. 'ನಾವು ನಿಮ್ಮನ್ನು ರಂಜಿಸಲು ಬಂದಿದ್ದೇವೆ. ನೀವು ಏತಕ್ಕೆ ಬಂದಿದ್ದೀರಿ?' ಎಂದು ಆ ನೋಟ ಕೇಳುವಂತಿರುತ್ತದೆ. 'ಆಂತ್ರಾಕ್ಸ್' ಹಾಡಿಗೆ ಮೊದಲು ಆತ ಗಿಟಾರನ್ನು ವೇದಿಕೆಯ ಮೇಲೆ ಎಸೆದು, ಅದು ತನ್ನಷ್ಟಕ್ಕೆ ಕಿರುಚಿಕೊಳ್ಳಲು ಬಿಡುವುದೂ ಉಂಟು.

ಇಂಥ ಮೇಳ ಬಹುಕಾಲ ಒಟ್ಟಿಗಿರುವುದು ಕಷ್ಟ. 1981ರಲ್ಲಿ ಅಮೆರಿಕದ ಸಂಚಾರದ ನಡುವೆ ಆಲನ್ ಬಿಟ್ಟುಹೋದ. ಅವನ ಸ್ಥಾನಕ್ಕೆ ಸಾರಾ ಲೀ ಬಂದಳು. 1983ರಲ್ಲಿ ಬರ್ನ್‌ಹ್ಯಾಮ್ ಹೊರಟ. 1984ರಲ್ಲಿ ಮೇಳವೇ ಮುಗಿಯಿತು. ತೊಂಬತ್ತರ ದಶಕದಲ್ಲಿ ಕಿಂಗ್ ಮತ್ತು ಗಿಲ್ ಇಬ್ಬರೇ ಅದೇ ಹೆಸರಿನಲ್ಲಿ ಎರಡು ಮುದ್ರಿಕೆಗಳನ್ನು ತಂದರೂ ಹಳೆಯ ಕಿಡಿ ಹೊತ್ತಿಕೊಳ್ಳಲಿಲ್ಲ.

ಆದರೆ ಬೀಜ ಬೇರೆ ಹೊಲಗಳಲ್ಲಿ ಮೊಳೆಯುತ್ತಿತ್ತು. ಒಂದು ಕಾಲಕ್ಕೆ ಇವರ ಕಚೇರಿಗಳಿಗೆ ಮುನ್ನುಡಿಯಾಗಿ ನುಡಿಸಿದ ಆರ್.ಇ.ಎಂ. ಮೇಳ ಜಗತ್ಪ್ರಸಿದ್ಧವಾಯಿತು. ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಮ್ಮ 1984ರ ಪ್ರಥಮ ಮುದ್ರಿಕೆಯನ್ನು ರೂಪಿಸಿಕೊಡಲು ಗಿಲ್ಲನನ್ನೇ ಹಿಡಿದರು. ನಿರ್ವಾಣ, ರೇಜ್ ಎಗೇನ್ಸ್ಟ್ ದಿ ಮಷೀನ್ ಮೊದಲಾದವರು ಇವರ ಋಣವನ್ನು ಒಪ್ಪಿಕೊಂಡರು. ಹೊಸ ಶತಮಾನ ಹುಟ್ಟುತ್ತಿದ್ದಂತೆ ಫ್ರಾಂಝ್ ಫರ್ಡಿನಾಂಡ್, ಬ್ಲಾಕ್ ಪಾರ್ಟಿ ಮುಂತಾದ ತರುಣ ಮೇಳಗಳಲ್ಲಿ ಆ ಕೊಯ್ತದ ಗಿಟಾರು ಮತ್ತೆ ಕೇಳಿಸಿತು. ಶಿಷ್ಯರು ಸಿರಿವಂತರಾದರು, ಗುರುಗಳು ಇ.ಎಂ.ಐ.ಯ ಸಾಲದ ಲೆಕ್ಕದಲ್ಲೇ ಉಳಿದರು.

ಈ ಹಿನ್ನೆಲೆಯಲ್ಲಿ 2004ರಲ್ಲಿ ಮೂಲ ನಾಲ್ವರೂ ಮತ್ತೆ ಕೂಡಿದರು. 2005ರಲ್ಲಿ ತಮ್ಮ ಹಳೆಯ ಹಾಡುಗಳನ್ನೇ ಹೊಸದಾಗಿ ನುಡಿಸಿ 'ರಿಟರ್ನ್ ದಿ ಗಿಫ್ಟ್' ಎಂಬ ಮುದ್ರಿಕೆಯನ್ನು ತಂದರು. ಹಳೆಯ ಮುದ್ರಿಕೆಗಳ ಒಡೆತನ ಕಂಪೆನಿಗಳದು; ಹೊಸ ಮುದ್ರಿಕೆಯ ಒಡೆತನ ತಮ್ಮದು. ಸ್ವಂತ ಹಾಡನ್ನು ಬಿಡಿಸಿಕೊಳ್ಳಲು ಅದನ್ನು ಇನ್ನೊಮ್ಮೆ ಹಾಡಬೇಕಾಯಿತು. ಸರಕು-ಒಡೆತನಗಳ ಬಗ್ಗೆ ಇಪ್ಪತ್ತರ ಹರೆಯದಲ್ಲಿ ಕಟ್ಟಿದ ಸಿದ್ಧಾಂತಕ್ಕೆ ಐವತ್ತರ ಹತ್ತಿರ ದೊರೆತ ಸಾಕ್ಷ್ಯವಿದು!

ಪುನರ್ಮಿಲನದ ಕಚೇರಿಗಳೆಂದರೆ ಸಾಮಾನ್ಯವಾಗಿ ಹಳೆಯ ಬಟ್ಟೆಗೆ ಇಸ್ತ್ರಿ ಹಾಕಿದಂತೆ. ಇವರವು ಹಾಗಾಗಲಿಲ್ಲ. ಆ ಸೇನಾಪತಿ ಗಂಡಸಿನ ಹಾಡಿಗೆ ಕಿಂಗ್ ಈಗ ವೇದಿಕೆಯ ಮೇಲೆ ಒಂದು ಮೈಕ್ರೋವೇವ್ ಒಲೆಯನ್ನಿಟ್ಟು, ಅದರ ಮುಂದೆ ಮೈಕು ಹಿಡಿಸಿ, ಕೋಲಿನಿಂದ ತಾಳಕ್ಕೆ ಸರಿಯಾಗಿ ಬಡಿದು ನುಜ್ಜುಗುಜ್ಜು ಮಾಡುತ್ತಿದ್ದ. ಅಡಿಗೆಮನೆಯ ಸರಕು ನಗಾರಿಯಾಗುತ್ತಿತ್ತು. ನಕ್ಕವರು ನಕ್ಕರು, ಅರ್ಥಮಾಡಿಕೊಂಡವರು ಅರ್ಥಮಾಡಿಕೊಂಡರು, ತಾಳ ಮಾತ್ರ ತಪ್ಪಲಿಲ್ಲ.

*  *  *

ಈಗ ಕಠಿಣವಾದ ಪ್ರಶ್ನೆಗೆ ಬರೋಣ. 'ನ್ಯಾಚುರಲ್ಸ್ ನಾಟ್ ಇನ್ ಇಟ್' ಎಂಬುದು ಎಂಟರ್‌ಟೈನ್‌ಮೆಂಟ್! ಮುದ್ರಿಕೆಯ ಪ್ರಖ್ಯಾತ ಗೀತೆ. ಮನುಷ್ಯನ ಬಿಡುವೂ, ಸುಖವೂ, ದೇಹವೂ ಮಾರಾಟದ ಸರಕಾಗುವುದೇ ಅದರ ವಸ್ತು. 2006ರಲ್ಲಿ ಸೋಫಿಯಾ ಕೊಪೊಲಾ ಫ್ರಾನ್ಸಿನ ವಿಲಾಸಿನಿ ರಾಣಿಯನ್ನು ಕುರಿತ 'ಮೇರಿ ಆಂಟ್ವನೆಟ್' ಚಿತ್ರದ ಆರಂಭಕ್ಕೆ ಅದನ್ನು ಬಳಸಿದಳು. ಅದು ಉಚಿತವಾದ ವಿನೋದ. ಆದರೆ 2011ರ ಸುಮಾರಿಗೆ ಅದೇ ಹಾಡು ಮೈಕ್ರೋಸಾಫ್ಟ್ ಕಂಪೆನಿಯ ಕಿನೆಕ್ಟ್ ಎಂಬ ಆಟದ ಯಂತ್ರದ ಜಾಹೀರಾತಿನಲ್ಲಿ ಕೇಳಿಸಿತು! ಬಿಡುವಿನ ವ್ಯಾಪಾರವನ್ನು ಗೇಲಿಮಾಡಿದ ಹಾಡಿನಿಂದಲೇ ಬಿಡುವಿನ ಯಂತ್ರದ ವ್ಯಾಪಾರ. ಬೇಲಿಯ ವಿರುದ್ಧ ನೆಟ್ಟ ಗಿಡವನ್ನೇ ಕಡಿದು ಬೇಲಿಗೆ ಗೂಟ ಹೊಡೆದಂತಾಯಿತು.

ಇದರಿಂದ ಮೇಳದ ನಿಲುವು ಸೋತಿತೇ? ಸೋತಿತೆಂದು ಹೇಳುವವರ ವಾದ ದುರ್ಬಲವಾದುದಲ್ಲ. ಸಂತೆಗೆ ಬಲವಾದ ಜಠರವಿದೆ. ತನ್ನನ್ನು ಬೈದವರನ್ನೂ ಅದು ಜೀರ್ಣಿಸಿಕೊಂಡು, ಆ ಬೈಗುಳಕ್ಕೂ ಬೆಲೆಯ ಚೀಟಿ ಅಂಟಿಸುತ್ತದೆ. ಆದರೆ ಇನ್ನೊಂದು ಮಾತೂ ಇದೆ. ತಾವು ಸಂತೆಯ ಹೊರಗಿದ್ದೇವೆಂದು ಈ ನಾಲ್ವರು ಎಂದೂ ಹೇಳಿರಲಿಲ್ಲ. ಹೊದಿಕೆಯ ಮೇಲಿನ ಹಸ್ತಲಾಘವದಲ್ಲಿ ಮೋಸಹೋಗುವ ಕೈ ತಮ್ಮದೂ ಆಗಬಹುದೆಂದು ಬಲ್ಲವರೇ ಆ ಚಿತ್ರವನ್ನು ಬರೆದಿದ್ದರು. ಸನ್ಯಾಸಿಯ ವೇಷ ಹಾಕಿದವನು ಸಂಸಾರಕ್ಕೆ ಬಿದ್ದರೆ ಅದು ಪತನ; 'ನಾನು ಸಂಸಾರಿ, ಇದರ ಕಷ್ಟ ಹೀಗಿದೆ' ಎಂದು ಮೊದಲೇ ಹೇಳಿದವನಿಗೆ ಆ ಮಾತು ಅನ್ವಯಿಸದು.

ಹೆಸರಿನ ಪ್ರಶ್ನೆಯೂ ಇಷ್ಟೇ ಜಟಿಲ. 2011ರ 'ಕಂಟೆಂಟ್' ಮುದ್ರಿಕೆಯ ತರುವಾಯ ಕಿಂಗ್ ದೂರವಾದ. ಗಿಲ್ ಒಬ್ಬನೇ ಕಿರಿಯರನ್ನು ಕೂಡಿಕೊಂಡು ನಡೆಸಿದ. ಗಾಯಕನ ಸ್ಥಾನದಲ್ಲಿ ಜಾನ್ ಸ್ಟೆರಿ ನಿಂತ. ನಾಲ್ವರ ಹೆಸರಿನಲ್ಲಿ ಮೂಲದವನು ಒಬ್ಬನೇ! ಇದು ಅದೇ ಮೇಳವೇ ಎಂದು ಗೊಣಗಿದವರುಂಟು. ಆದರೂ ಗಿಲ್ ನಿಲ್ಲಲಿಲ್ಲ. 2019ರ ಕೊನೆಗೆ ಚೀನ ಮತ್ತು ಜಪಾನುಗಳಲ್ಲಿ ನುಡಿಸಿ ಬಂದ. ಚೀನದ ಕುಹಕದಿಂದ ಹೆಸರು ಪಡೆದ ಮೇಳ ನಾಲ್ಕು ದಶಕಗಳ ಮೇಲೆ ಚೀನದ ವೇದಿಕೆ ಹತ್ತಿದ್ದು ಕಾಲದ ಕುಚೋದ್ಯವೇ ಸರಿ. 2020ರ ಫೆಬ್ರವರಿ 1ರಂದು, ತನ್ನ 64ನೆಯ ವಯಸ್ಸಿನಲ್ಲಿ, ಗಿಲ್ ನ್ಯುಮೋನಿಯದಿಂದ ಲಂಡನ್ನಿನಲ್ಲಿ ತೀರಿಕೊಂಡ.

ಅಲ್ಲಿಗೆ ಕಥೆ ಮುಗಿಯಿತೆಂದು ಎಲ್ಲರೂ ಬಗೆದಿದ್ದರು. 2022ರಲ್ಲಿ ಕಿಂಗ್, ಬರ್ನ್‌ಹ್ಯಾಮ್, ಸಾರಾ ಲೀ ಮೂವರೂ ಡೇವಿಡ್ ಪಾಜೋ ಎಂಬ ಗಿಟಾರುಗಾರನೊಡನೆ ಮತ್ತೆ ವೇದಿಕೆ ಏರಿದರು. 2025ರಲ್ಲಿ ಇದೇ ಕೊನೆಯ ಸಂಚಾರವೆಂದು ಸಾರಿ, ಗಿಟಾರಿಗೆ ಟೆಡ್ ಲಿಯೋ, ಬೇಸಿಗೆ ಗೇಲ್ ಗ್ರೀನ್‌ವುಡ್ ಅವರನ್ನು ಕೂಡಿಕೊಂಡು ಹೊರಟು, ಎಂಟರ್‌ಟೈನ್‌ಮೆಂಟ್! ಮುದ್ರಿಕೆಯನ್ನು ಇಡಿಯಾಗಿ ನುಡಿಸಿದರು. ಆ ವರ್ಷದ ಏಪ್ರಿಲ್ 5ರಂದು ಡೇವ್ ಆಲನ್ ಕೂಡ ಕಣ್ಮುಚ್ಚಿದ. ವಯಸ್ಸು 69, ಕೆಲವು ವರ್ಷಗಳಿಂದ ಮರೆವಿನ ರೋಗ ಅವನನ್ನು ಕಾಡಿತ್ತು. ನಾಲ್ವರಲ್ಲಿ ಇಬ್ಬರು ಇಲ್ಲದೆ, ನಾಲ್ವರ ಹಾಡು ನಡೆಯಿತು. ಖಾಲಿ ಜಾಗವನ್ನು ಸಂಗೀತದ ಒಂದು ಅಂಗವನ್ನಾಗಿ ಮಾಡಿಕೊಂಡಿದ್ದ ಮೇಳಕ್ಕೆ ಆ ಇಬ್ಬರ ಖಾಲಿ ಜಾಗಗಳನ್ನು ತುಂಬಿಕೊಳ್ಳುವುದು ಮಾತ್ರ ಸಾಧ್ಯವಾಗಿರಲಾರದು.

ಹಾಗಾದರೆ ಉಳಿದುದೇನು? ಸರಕಾರಗಳು ಬಂದುವು, ಹೋದುವು. ಯಾವುದೂ ಇವರ ಹಾಡಿನಿಂದ ಉರುಳಲಿಲ್ಲ. ಸಂತೆ ಅಂದಿಗಿಂತ ಇಂದು ಹತ್ತು ಪಾಲು ದೊಡ್ಡದಾಗಿ, ಅಂಗಡಿ ಬೀದಿಯನ್ನು ಬಿಟ್ಟು ಪ್ರತಿಯೊಬ್ಬರ ಜೇಬಿನೊಳಗಣ ದೂರವಾಣಿಗೆ ಬಂದು ಕುಳಿತಿದೆ. ನಮ್ಮ ಬಿಡುವಿನ ಕ್ಷಣಗಳನ್ನು ಎಣಿಸಿ ಮಾರುವುದು ಇಂದು ಜಗತ್ತಿನ ಅತಿ ದೊಡ್ಡ ವ್ಯಾಪಾರಗಳಲ್ಲಿ ಒಂದು. 1979ರಲ್ಲಿ ವಿಪರೀತವೆಂದು ತೋರಿದ ಆ ಹಾಡುಗಳು ಇಂದು ವರದಿಯಂತೆ ಕೇಳಿಸುತ್ತವೆ. ಚಹ ಕುಡಿಯುತ್ತ ಹೆಣಗಳನ್ನು ನೋಡುವ ಆ ಗೃಹಸ್ಥ ಈಗ ಸಂಜೆಯ ವರೆಗೂ ಕಾಯಬೇಕಾಗಿಲ್ಲ.

ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಕೇಳಿದ ಕಥೆ ಎಲ್ಲರಿಗೂ ಗೊತ್ತು. ಗಂಟೆ ಬೆಕ್ಕನ್ನು ಕೊಲ್ಲುವುದಿಲ್ಲ. ಅದರ ಉಗುರನ್ನು ಮೊಂಡು ಮಾಡುವುದೂ ಇಲ್ಲ. ಬೆಕ್ಕು ಬರುತ್ತಿದೆ ಎಂದು ಹೇಳುತ್ತದೆ, ಅಷ್ಟೆ. ಆ ಸದ್ದು ಕುಣಿತದ ಲಯದಲ್ಲಿ ಬಂದರೆ ಕೇಳುವವರು ಹೆಚ್ಚುತ್ತಾರೆ. ಹಾಡಿನಿಂದ ಅದಕ್ಕಿಂತ ಹೆಚ್ಚನ್ನು ಬೇಡುವುದು ನಮ್ಮ ಸೋಮಾರಿತನ. ಮಿಕ್ಕ ಕೆಲಸ ಇಲಿಗಳದು.